ಬೆಳಕಿನ ಎಳೆ ಊರು ಮುಟ್ಟಿತು, ಮನಸ್ಸನ್ನು ಮುಟ್ಟಿತೇ?

ವಾಡಿ: ಮುಂಬಯಿ, ಚೆನ್ನೈ ಹಾಗೂ ಹೈದರಾಬಾದ್ ಮಾರ್ಗಗಳು ಕೂಡುವ ವಾಡಿ ಜಂಕ್ಷನ್ ಸಿಮೆಂಟಿಗೆ ಎಷ್ಟು ಹೆಸರುವಾಸಿಯೋ, ವಲಸೆಯ ಹೆಬ್ಬಾಗಿಲಾಗಿಯೂ ಅಷ್ಟೇ ಪರಿಚಿತ. ಚಿತ್ತಾಪುರ, ಸೇಡಂ, ಚಿಂಚೋಳಿ ಸೀಮೆಯಿಂದ ದುಡಿಮೆ ಅರಸಿ ಹೊರಟವರು ಮುಂಬಯಿ, ಪುಣೆ, ಹೈದರಾಬಾದ್, ಬೆಂಗಳೂರುಗಳ ರೈಲು ಹತ್ತುತ್ತಾರೆ. ಸಿಕಂದರಾಬಾದ್‌ನಿಂದ ನಿಜಾಮರ ರೈಲು ಇಲ್ಲಿಗೆ ಬಂದದ್ದು 1874ರಲ್ಲಿ. ಊರು ಬಿಟ್ಟವರ ಕ್ಷೇಮ ಸಮಾಚಾರ ಆಗ ಅಂಚೆ ಕಾಗದದಲ್ಲಿ ಬರುತ್ತಿತ್ತು. ಈಗ ವಿಡಿಯೊ ಕರೆಯಲ್ಲಿ ಬರುತ್ತದೆ.

ಹಾಗಾದರೆ ಈ ಸಂಪರ್ಕ ಸಂಬಂಧವನ್ನು ಕಾಯುತ್ತಿದೆಯೇ ಅಥವಾ ಸವೆಸುತ್ತಿದೆಯೇ? ಈ ಪ್ರಶ್ನೆಗೆ ಉತ್ತರ ಹುಡುಕುವ ವಿಜ್ಞಾನದಲ್ಲಿ ಬೆಳಕಿಗೆ ಎರಡು ಪಾತ್ರಗಳಿವೆ. ಮಾತನ್ನು ದೂರಕ್ಕೆ ಒಯ್ಯುವುದು ಒಂದು. ಮಾತನಾಡುವವರ ಮಿದುಳಿನಲ್ಲಿ ಏನಾಗುತ್ತಿದೆ ಎಂದು ಅಳೆಯುವುದು ಇನ್ನೊಂದು.

ಗಾಜಿನೊಳಗಿನ ಮಾತು

ಶುದ್ಧ ಗಾಜಿನ ಎಳೆಯಲ್ಲಿ ಬೆಳಕನ್ನು ಬಹುದೂರ ಸಾಗಿಸಬಹುದೆಂದು ಚಾರ್ಲ್ಸ್ ಕಾವೊ 1966ರಲ್ಲಿ ತೋರಿಸಿದರು. ಅದಕ್ಕಾಗಿ 2009ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು. ಗಾಜಿನೊಳಗೆ ಸಾವಿರ ಕಿಲೋಮೀಟರ್ ಸಾಗಲು ಬೆಳಕಿಗೆ ಬೇಕಾಗುವುದು ಸೆಕೆಂಡಿನ 200ನೇ ಒಂದು ಭಾಗ ಮಾತ್ರ. ಭಾರತದಲ್ಲಿ 2000ದಲ್ಲಿ ಸ್ಥಾಪನೆಯಾದ ರೈಲ್‌ಟೆಲ್ ಸಂಸ್ಥೆ ರೈಲು ಹಳಿಗಳ ಪಕ್ಕದಲ್ಲೇ ಈ ಎಳೆಗಳನ್ನು ಹಾಸುತ್ತ ಬಂದಿದೆ. ವಲಸೆ ಹೋದ ದಾರಿಯಲ್ಲೇ ಈಗ ಮಾತೂ ಹಿಂದಿರುಗುತ್ತಿದೆ.

ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಒಯ್ಯುವ ಯೋಜನೆಗೆ ಕೇಂದ್ರ ಸರ್ಕಾರ 2011ರಲ್ಲಿ ಒಪ್ಪಿಗೆ ನೀಡಿತು. ನಂತರ ಭಾರತ್‌ನೆಟ್ ಎಂದು ಹೆಸರು ಬದಲಿಸಿಕೊಂಡ ಇದು 2 ಲಕ್ಷಕ್ಕೂ ಹೆಚ್ಚು ಪಂಚಾಯಿತಿಗಳನ್ನು ತಲುಪಿದೆ. 2023ರಲ್ಲಿ ಇದರ ಪರಿಷ್ಕೃತ ರೂಪಕ್ಕೆ 1.39 ಲಕ್ಷ ಕೋಟಿ ರೂಪಾಯಿ ಮಂಜೂರಾಯಿತು. ಆದರೆ ಪ್ರಗತಿಯ ಲೆಕ್ಕವೆಲ್ಲ ಕಿಲೋಮೀಟರ್ ಮತ್ತು ಪಂಚಾಯಿತಿಗಳಲ್ಲೇ ಇದೆ. ಆ ಎಳೆಯ ಎರಡು ತುದಿಗಳಲ್ಲಿರುವ ಮನುಷ್ಯರು ಈ ಲೆಕ್ಕಕ್ಕೆ ಸೇರಿಲ್ಲ.

ಮಿದುಳಿಗೆ ಹಿಡಿದ ಬೆಳಕು

ಅವಕೆಂಪು ಸಮೀಪದ ಬೆಳಕು ಚರ್ಮ ಹಾಗೂ ತಲೆಬುರುಡೆಯನ್ನು ದಾಟಿ ಮಿದುಳಿನ ಮೇಲ್ಪದರವನ್ನು ಮುಟ್ಟಬಲ್ಲದು. ಆಮ್ಲಜನಕ ಹೊತ್ತ ರಕ್ತ ಮತ್ತು ಹೊರದ ರಕ್ತ ಈ ಬೆಳಕನ್ನು ಬೇರೆ ಬೇರೆ ಪ್ರಮಾಣದಲ್ಲಿ ಹೀರುತ್ತವೆ. ಈ ವ್ಯತ್ಯಾಸದಿಂದ ಮಿದುಳಿನ ಯಾವ ಭಾಗ ಚುರುಕಾಗಿದೆ ಎಂದು ತಿಳಿಯುತ್ತದೆ. ಇದಕ್ಕೆ ತಲೆಗೆ ತೊಡುವ ಟೊಪ್ಪಿಗೆಯಂಥ ಸಾಧನ ಸಾಕು. ಇಬ್ಬರನ್ನು ಒಟ್ಟಿಗೆ ಕೂರಿಸಿ ಮಾತನಾಡಿಸುತ್ತಲೇ ಪರೀಕ್ಷಿಸಬಹುದು.

ಬೀಜಿಂಗ್‌ನ ಸಂಶೋಧಕರು 2012ರಲ್ಲಿ ಮಾಡಿದ್ದು ಇದನ್ನೇ. ಕೆಲವು ಜೋಡಿಗಳನ್ನು ಎದುರುಬದುರಾಗಿ ಹಾಗೂ ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿ ಮಾತನಾಡಿಸಿದರು. ಎದುರುಬದುರು ಕುಳಿತು ಸಂಭಾಷಿಸಿದಾಗ ಮಾತ್ರ ಇಬ್ಬರ ಮಿದುಳಿನ ಚಟುವಟಿಕೆ ಒಂದೇ ಲಯಕ್ಕೆ ಹೊಂದಿಕೊಂಡಿತು. ಒಬ್ಬರೇ ಮಾತನಾಡಿ ಇನ್ನೊಬ್ಬರು ಸುಮ್ಮನೆ ಕೇಳಿದಾಗ, ಮುಖ ಕಂಡರೂ ಈ ಹೊಂದಾಣಿಕೆ ಕಾಣಲಿಲ್ಲ. ಪ್ರಯೋಗ ಚಿಕ್ಕದು. ಆದರೂ ಅದರ ಸೂಚನೆ ಗಮನಾರ್ಹ: ಮುಖ ಕಂಡರಷ್ಟೇ ಸಾಲದು, ಮಾತಿಗೆ ಮರುಮಾತೂ ಬೇಕು.

ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ರಾಬರ್ಟ್ ಕ್ರೌಟ್ ಮತ್ತು ಸಂಗಡಿಗರು 73 ಕುಟುಂಬಗಳ 169 ಜನರನ್ನು ಅಧ್ಯಯನ ಮಾಡಿದ್ದರು. ಇಂಟರ್‌ನೆಟ್ ಬಳಕೆ ಹೆಚ್ಚಿದಷ್ಟೂ ಮನೆಮಂದಿಯೊಡನೆ ಮಾತು ಕಡಿಮೆಯಾಗಿ ಒಂಟಿತನ ಹೆಚ್ಚುತ್ತದೆ ಎಂದು 1998ರಲ್ಲಿ ಅವರು ವರದಿ ಮಾಡಿದರು. ಆದರೆ ಮರು ಅಧ್ಯಯನದಲ್ಲಿ ಆ ದುಷ್ಪರಿಣಾಮಗಳು ಬಹುಮಟ್ಟಿಗೆ ಕರಗಿಹೋಗಿದ್ದವು ಎಂದು 2002ರಲ್ಲಿ ಅದೇ ತಂಡ ಒಪ್ಪಿಕೊಂಡಿತು. ಜೊತೆಗೆ ಇನ್ನೊಂದು ಅಂಶ ಹೊರಬಿತ್ತು. ಸ್ನೇಹಪರರಿಗೆ ಮತ್ತು ಸುತ್ತ ಆಸರೆ ಇದ್ದವರಿಗೆ ಇಂಟರ್‌ನೆಟ್‌ನಿಂದ ಹೆಚ್ಚು ಲಾಭವಾಗಿತ್ತು. ಆಸರೆ ಇಲ್ಲದವರಿಗೆ ಅಷ್ಟು ಆಗಿರಲಿಲ್ಲ. ಉಳ್ಳವರಿಗೇ ಮತ್ತಷ್ಟು ಎಂಬ ಲೋಕನೀತಿ ಇಲ್ಲಿಯೂ ತಪ್ಪಲಿಲ್ಲ.

ಯಾರ ಮನಸ್ಸಿನ ವಿಜ್ಞಾನ?

ಆದರೆ ಪಿಟ್ಸ್‌ಬರ್ಗ್‌ನ ಅಳತೆಗೋಲು ವಾಡಿಗೆ ಹೊಂದುತ್ತದೆಯೇ? ಮನಃಶಾಸ್ತ್ರ ಪ್ರಯೋಗಗಳ ಶೇ. 96ರಷ್ಟು ಪಾತ್ರಧಾರಿಗಳು ಜಗತ್ತಿನ ಶೇ. 12ರಷ್ಟು ಜನರಿರುವ ದೇಶಗಳಿಗೆ ಸೇರಿದವರು ಎಂದು ಜೋಸೆಫ್ ಹೆನ್ರಿಕ್ ಮತ್ತು ಸಹ ಸಂಶೋಧಕರು 2010ರಲ್ಲಿ ಎಚ್ಚರಿಸಿದ್ದರು. ಒಂದೇ ಫೋನಿನ ಸುತ್ತ ಅಜ್ಜಿ, ಸೊಸೆ, ಮೊಮ್ಮಕ್ಕಳು ಕೂತು ಪುಣೆಯಲ್ಲಿರುವ ಮಗನೊಡನೆ ಮಾತನಾಡುವ ಮನೆ ಆ ಪ್ರಯೋಗಾಲಯಗಳ ಕಲ್ಪನೆಯಲ್ಲಿಲ್ಲ.

ಕರ್ನಾಟಕದಲ್ಲಿ ಈ ಕೆಲಸಕ್ಕೆ ಬುನಾದಿ ಇಲ್ಲದಿಲ್ಲ. ತಂತ್ರಜ್ಞಾನದ ಅತಿಬಳಕೆಯಿಂದ ತೊಳಲುವವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ವಿಶೇಷ ಚಿಕಿತ್ಸಾಲಯ ತೆರೆಯಿತು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಗೂ ಅದೇ ಸಂಸ್ಥೆಯ ಮಾರ್ಗದರ್ಶನವಿದೆ. 14416 ಸಂಖ್ಯೆಗೆ ಕರೆ ಮಾಡಿದವರು ಕನ್ನಡದಲ್ಲೇ ಆಪ್ತ ಸಲಹೆ ಪಡೆಯಬಹುದು. ಒಂದೇ ತಂತ್ರಜ್ಞಾನ ಚಟವನ್ನೂ ತರಬಲ್ಲದು, ಸಾಂತ್ವನವನ್ನೂ ತರಬಲ್ಲದು ಎಂಬುದಕ್ಕೆ ಈ ಎರಡೂ ಸಾಕ್ಷಿ.

ಕಲಬುರಗಿಯಲ್ಲಿ ಗುಲ್ಬರ್ಗಾ ವಿಶ್ವವಿದ್ಯಾಲಯವಿದೆ, ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯವಿದೆ. 371ಜೆ ವಿಧಿಯ ಫಲವಾದ ಪ್ರದೇಶಾಭಿವೃದ್ಧಿ ಮಂಡಳಿಯೂ ಇದೆ. ರಸ್ತೆ, ಕಟ್ಟಡಗಳ ಜೊತೆಗೆ ವಲಸೆ ಕುಟುಂಬಗಳ ಅಧ್ಯಯನಕ್ಕೂ ಒಂದಿಷ್ಟು ಹಣ ಮೀಸಲಿಟ್ಟರೆ ಅದು ದುಂದುವೆಚ್ಚ ಎನಿಸದು. ಟೊಪ್ಪಿಗೆಯಂಥ ಸಾಧನವನ್ನು ಹಳ್ಳಿಯ ಮನೆಯಂಗಳಕ್ಕೇ ಒಯ್ಯಬಹುದು. ಜನರನ್ನು ಪ್ರಯೋಗಾಲಯಕ್ಕೆ ಕರೆಸಬೇಕಾಗಿಲ್ಲ.

ಎಳೆ ಹಾಸಿದ್ದು ಅರ್ಧ ಕೆಲಸ. ಅದರಿಂದ ಯಾರ ಮನೆ ಹತ್ತಿರವಾಯಿತು, ಯಾರ ಮನೆ ದೂರವೇ ಉಳಿಯಿತು ಎಂದು ವಾಡಿಯಂಥ ಊರುಗಳಲ್ಲಿ ಕೇಳಿ ತಿಳಿದಾಗಲೇ ಉಳಿದರ್ಧ ಮುಗಿದಂತೆ.