ಡಬ್ಬಿಯ ಮುಂದೆ ಐದು ನಿಮಿಷ

ತನ್ನ ಚಿತ್ರವನ್ನು ತಾನೇ ತೆಗೆದುಕೊಳ್ಳುವುದು ಈಗ ಯಾರಿಗೂ ಸೋಜಿಗವಲ್ಲ. ಮೊಬೈಲು ಹಿಡಿದ ಕೈಯನ್ನು ಮುಂದೆ ಚಾಚಿದರಾಯಿತು. ಛಾಯಾಗ್ರಹಣವೇ ನನ್ನ ಕಸುಬಾದುದರಿಂದ ಈ ಅನುಕೂಲವನ್ನು ನಾನು ಹಳಿಯಲಾರೆ. ಆದರೂ ವರ್ಷಕ್ಕೊಮ್ಮೆ ನನ್ನ ಮುಖದ ಚಿತ್ರ ತೆಗೆಯಲು ನಾನು ಆಶ್ರಯಿಸುವುದು ಮಸೂರವಿಲ್ಲದ ಒಂದು ಬಿಸ್ಕತ್ತಿನ ಡಬ್ಬಿಯನ್ನು. ವಿಜ್ಞಾನ ಓದುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಮ್ಮೆಯಾದರೂ ಹೀಗೆ ಮಾಡತಕ್ಕದ್ದೆಂಬುದು ನನ್ನ ಅಭಿಪ್ರಾಯ.

ಡಬ್ಬಿಯ ಒಳಭಾಗಕ್ಕೆ ಕಪ್ಪು ಬಣ್ಣ ಬಳಿಯಬೇಕು. ಒಂದು ಬದಿಯಲ್ಲಿ ಕಿಂಡಿ ಕೊರೆದು, ಸೂಜಿಮೊನೆಯಿಂದ ಸುಮಾರು 0.4 ಮಿಲಿಮೀಟರ್ ವ್ಯಾಸದ ರಂಧ್ರ ಮಾಡಿದ ತೆಳು ತಗಡನ್ನು ಅಲ್ಲಿ ಅಂಟಿಸಬೇಕು. ಅದರ ಎದುರಿಗೆ, 100 ಮಿಲಿಮೀಟರ್ ದೂರದಲ್ಲಿ, ಛಾಯಾಚಿತ್ರ ಮುದ್ರಿಸುವ ಕಾಗದವನ್ನು ಕತ್ತಲೆಕೋಣೆಯ ಕೆಂಪು ದೀಪದಲ್ಲಿ ಇಡಬೇಕು. ರಂಧ್ರ ದೊಡ್ಡದಾದರೆ ಚಿತ್ರ ಮಸುಕು. ತೀರ ಚಿಕ್ಕದಾದರೂ ಮಸುಕೇ, ಏಕೆಂದರೆ ಆಗ ಬೆಳಕು ವಿವರ್ತನೆಯಿಂದ ಹರಡಿಕೊಳ್ಳುತ್ತದೆ. ಇಲ್ಲಿ ದೂರವು ರಂಧ್ರದ ವ್ಯಾಸದ 250 ಪಟ್ಟು. ಸಾಧಾರಣ ಕ್ಯಾಮೆರಾದಲ್ಲಿ ಈ ಪ್ರಮಾಣ 8 ಎಂದು ಭಾವಿಸಿದರೆ, ನಮ್ಮ ಕಾಗದವನ್ನು ಮುಟ್ಟುವ ಬೆಳಕು ಅದರ ಸುಮಾರು ಸಾವಿರದಲ್ಲೊಂದು ಪಾಲು ಮಾತ್ರ! ಕಾಗದವಂತೂ ಫಿಲ್ಮಿಗಿಂತ ಬಹಳ ಮಂದ. ಆದುದರಿಂದ ಒಳ್ಳೆಯ ಬಿಸಿಲಿನಲ್ಲಿ ಮುಕ್ಕಾಲು ನಿಮಿಷ, ನೆರಳಿನಲ್ಲಿ ಐದಾರು ನಿಮಿಷ ಬೇಕಾಗುತ್ತದೆ.

ಅಷ್ಟು ಹೊತ್ತು ಅಲುಗದೆ ಯಾರು ಕುಳಿತಾರು? ನನ್ನ ಅಣ್ಣನ ಮಗಳನ್ನು ಒಮ್ಮೆ ಕೂರಿಸಿದೆ. ಎರಡನೆಯ ನಿಮಿಷಕ್ಕೆ ಎದ್ದು ಓಡಿದಳು. ಕೊನೆಗೆ ಉಳಿದವನು ನಾನೇ. ರಂಧ್ರದ ಮೇಲಿನ ಕಪ್ಪು ಪಟ್ಟಿಯನ್ನು ಕಿತ್ತು, ನಡೆದು ಬಂದು, ಅಂಗಳದ ಗೋಡೆಗೆ ತಲೆ ಒರಗಿಸಿ ಕುಳಿತೆ. ನಾನು ನಡೆದು ಬಂದದ್ದು ಚಿತ್ರದಲ್ಲಿಲ್ಲ. ನಡುವೆ ನನ್ನ ತಾಯಿ ಕೊಡ ಹಿಡಿದು ಎರಡು ಸಲ ಹಿಂದಿನಿಂದ ಹಾದುಹೋದರು. ಅವರ ಸುಳಿವೂ ಇಲ್ಲ. ತಲೆ ಸ್ಪಷ್ಟವಾಗಿದೆ, ಉಸಿರಾಟದಿಂದ ಎದೆ ಮಾತ್ರ ಮಸುಕಾಗಿದೆ. ಚಿತ್ರವೆಂದರೆ ಒಂದು ಕ್ಷಣ ಎಂದು ನಂಬಿದ್ದ ನನಗೆ ಅದು ಬೆಳಕಿನ ಮೊತ್ತವೆಂಬುದು ಮನದಟ್ಟಾದದ್ದು ಅಂದು.

ಛಾಯಾಗ್ರಹಣದ ಆದಿಯಲ್ಲಿಯೂ ಹೀಗೆ ತಮ್ಮನ್ನೇ ಕೂರಿಸಿಕೊಂಡವರಿದ್ದರು. 1839ರಲ್ಲಿ ಅಮೆರಿಕದ ಫಿಲಡೆಲ್ಫಿಯದಲ್ಲಿ ರಾಬರ್ಟ್ ಕಾರ್ನೇಲಿಯಸ್ ಎಂಬ ತರುಣನು ತನ್ನ ಮನೆತನದ ದೀಪದಂಗಡಿಯ ಹಿಂದೆ ಕೆದರಿದ ತಲೆಯಲ್ಲಿಯೇ ತನ್ನ ಚಿತ್ರ ತೆಗೆದುಕೊಂಡನು. ನನಗೆ ಇನ್ನೂ ಪ್ರಿಯವಾದುದು 1840ರಲ್ಲಿ ಫ್ರಾನ್ಸಿನ ಇಪ್ಪೋಲಿತ್ ಬಯಾರ್ ತೆಗೆದ ಚಿತ್ರ. ಕಾಗದದ ಮೇಲೆ ನೇರವಾಗಿ ಚಿತ್ರ ಮೂಡಿಸುವ ವಿಧಾನವನ್ನು ಆತನು ಕಂಡುಹಿಡಿದಿದ್ದನು. ಸರಕಾರದ ಮನ್ನಣೆ ಮಾತ್ರ ದಾಗೇರನಿಗೆ ಸಂದಿತು. ನೊಂದ ಬಯಾರನು ನೀರಿಗೆ ಬಿದ್ದು ಸತ್ತವನಂತೆ ಕುಳಿತು ತನ್ನ ಚಿತ್ರ ತೆಗೆದು, ಶವದ ಮುಖ ಮತ್ತು ಕೈಗಳು ಆಗಲೇ ಕೊಳೆಯತೊಡಗಿವೆ ಎಂದು ಅದರ ಹಿಂದೆ ವಿನೋದವಾಗಿ ಬರೆದನು. ಚಿತ್ರದಲ್ಲಿ ಅವು ನಿಜಕ್ಕೂ ಕಪ್ಪಾಗಿವೆ.

ಇದರ ಕಾರಣ ಊಹಿಸಲು ಕಷ್ಟವಿಲ್ಲ. ಬೆಳ್ಳಿಯ ಲವಣಗಳು ತಾವಾಗಿ ಗ್ರಹಿಸುವುದು ನೀಲಿ, ನೇರಳೆ ಮತ್ತು ಅತಿನೇರಳೆ ಕಿರಣಗಳನ್ನು; ಕೆಂಪಿಗೆ ಅವು ಕುರುಡು. ಕೆಂಪು ದೀಪದಲ್ಲಿ ಕಾಗದ ಕೆಡದಿರುವುದೂ ಇದರಿಂದಲೇ. ಬಿಸಿಲಿಗೆ ಕಂದಿದ ಚರ್ಮವು ನೀಲಿಯನ್ನು ಹೀರಿ ಕೆಂಪನ್ನು ಹೆಚ್ಚಾಗಿ ಹೊರಸೂಸುವುದರಿಂದ ಕಪ್ಪಾಗಿ ಮೂಡುತ್ತದೆ. ನನ್ನ ಚಿತ್ರದಲ್ಲಿಯೂ ಮುಖ ಇದ್ದುದಕ್ಕಿಂತ ಎರಡು ಪಾಲು ಕಪ್ಪು. ಹಣೆಯ ಕುಂಕುಮವಂತೂ ಮಸಿಯ ಬೊಟ್ಟು! ಇನ್ನೊಂದು ವಿಚಿತ್ರವೆಂದರೆ, ಡಬ್ಬಿಯಿಂದ ತೆಗೆದ ನೆಗೆಟಿವಿನಲ್ಲಿ ಮುಖವು ಕನ್ನಡಿಯಲ್ಲಿ ಕಾಣುವಂತೆ ಎಡಬಲ ಅದಲುಬದಲಾಗಿರುತ್ತದೆ. ಅದನ್ನು ಇನ್ನೊಂದು ಕಾಗದಕ್ಕೆ ಮುಖಾಮುಖಿಯಾಗಿ ಒತ್ತಿ ಮುದ್ರಿಸಿದಾಗ, ನೆರೆಯವರು ದಿನವೂ ಕಾಣುವ, ನಮಗೆ ಮಾತ್ರ ಅಪರಿಚಿತವಾದ ಮುಖ ಹೊರಬರುತ್ತದೆ.

ಮೊಬೈಲು ಅನೇಕ ವೇಳೆ ಹಲವು ಚಿತ್ರಗಳನ್ನು ಬೆರೆಸಿ, ಚರ್ಮವನ್ನು ನಯಮಾಡಿ, ಬಣ್ಣವನ್ನು ತಿಳಿಗೊಳಿಸಿ ಕೊಡುತ್ತದೆ. ಏನು ಮಾಡಿದೆನೆಂದು ಹೇಳುವುದಿಲ್ಲ. ಆ ಮುಖಕ್ಕೂ ಕನ್ನಡಿಯ ಮುಖಕ್ಕೂ ಹೊಂದಿಕೆಯಾಗದೆ ಮನಸ್ಸಿನಲ್ಲೇ ಕುಗ್ಗುವ ಹುಡುಗ ಹುಡುಗಿಯರನ್ನು ನನ್ನ ಸ್ಟುಡಿಯೋದಲ್ಲಿ ನಾನು ಕಂಡಿದ್ದೇನೆ. ಡಬ್ಬಿಯೂ ಸುಳ್ಳು ಹೇಳುತ್ತದೆ, ನಿಜ. ಆದರೆ ಅದರ ಒಂದೊಂದು ಸುಳ್ಳಿಗೂ ಕಾರಣವನ್ನು ಹತ್ತನೆಯ ತರಗತಿಯ ವಿದ್ಯಾರ್ಥಿಯು ತಾನೇ ಹುಡುಕಿ ತೆಗೆಯಬಲ್ಲನು. ತನ್ನ ಮುಖವನ್ನು ಕಪ್ಪಾಗಿಸಿದ್ದು ತರಂಗಾಂತರವೆಂದು ಅರಿತವಳು, ಅದನ್ನು ಬೆಳ್ಳಗಾಗಿಸಿದ ಯಂತ್ರವನ್ನೂ ಪ್ರಶ್ನಿಸದೆ ಬಿಡಳು.

ಕಾಗದ ದುಬಾರಿ, ರಾಸಾಯನಿಕಗಳು ದೊರೆಯವು ಎಂಬ ಆಕ್ಷೇಪವುಂಟು. ಕಾಗದದ ಮಾತು ಒಪ್ಪತಕ್ಕದ್ದೇ. ಒಂದು ಹಾಳೆಯನ್ನು ನಾಲ್ಕಾಗಿ ಕತ್ತರಿಸಿಕೊಳ್ಳಿ. ಚಿತ್ರವನ್ನು ಮೂಡಿಸುವ ದ್ರಾವಣಕ್ಕಾದರೋ, ಕುದಿಸದೆ ಬೆರೆಸುವ ಕಾಫಿಪುಡಿ, ಬಟ್ಟೆ ಒಗೆಯುವ ಸೋಡ, ತುಸು ಸಿ ಜೀವಸತ್ವ ಸಾಕು. ಕಾಫಿಯ ಕೆಫೀಕ್ ಆಮ್ಲ ಈ ಕೆಲಸ ಮಾಡಬಲ್ಲುದೆಂದು 1995ರಲ್ಲಿ ಅಮೆರಿಕದ ರಾಚೆಸ್ಟರಿನ ತಾಂತ್ರಿಕ ಸಂಸ್ಥೆಯಲ್ಲಿ ತೋರಿಸಿದರು. ವಾಸನೆ ಮಾತ್ರ ಅಸಹ್ಯ. ಮನೆಯವರ ಅಪ್ಪಣೆ ಪಡೆಯುವುದು ಲೇಸು. ಚಿತ್ರವನ್ನು ಸ್ಥಿರಗೊಳಿಸಲು ಹೈಪೊ ಬೇಕೇಬೇಕು. ಬಳಸಿದ ಹೈಪೊವಿನಲ್ಲಿ ಬೆಳ್ಳಿ ಕರಗಿರುವುದರಿಂದ ಅದನ್ನು ಗಿಡದ ಬುಡಕ್ಕಾಗಲಿ ಬಾವಿಯ ಬಳಿಗಾಗಲಿ ಸುರಿಯಲಾಗದು. ಉಪಾಧ್ಯಾಯರೊಬ್ಬರು ಜೊತೆಗಿರಲಿ.

ಈ ವರ್ಷದ ನನ್ನ ಚಿತ್ರ ಇನ್ನೂ ಆಗಿಲ್ಲ. ಮೊದಲ ಹಾಳೆ ಡಬ್ಬಿಯ ಮುಚ್ಚಳದ ಸಂದಿನಿಂದ ನುಸುಳಿದ ಬೆಳಕಿಗೆ ಪೂರ್ತಿ ಕಪ್ಪಾಯಿತು. ಸಂದಿಗೆ ಪಟ್ಟಿ ಅಂಟಿಸಿಟ್ಟಿದ್ದೇನೆ. ಮಳೆ ಹೊಳವಾದೊಡನೆ ಮತ್ತೆ ಅದೇ ಗೋಡೆಗೆ ಒರಗಬೇಕು. ಈ ಸಲ ತಾಯಿಯವರೂ ಪಕ್ಕದಲ್ಲಿ ಕೂರಲು ಒಪ್ಪಿದ್ದಾರೆ.