ಅಂಕಪಟ್ಟಿಯ ಇಂಜಿನಿಯರುಗಳು

ಬಂಟ್ವಾಳದ ಬೆಂಜನಪದವು, ಬೆಳ್ತಂಗಡಿಯ ಉಜಿರೆ, ಮೂಡುಬಿದಿರೆಯ ಮಿಜಾರು. ಮೂರೂ ಕಡೆ ಇಂಜಿನಿಯರಿಂಗ್ ಕಾಲೇಜುಗಳಿವೆ, ಸುತ್ತಲೂ ಅಡಿಕೆ ತೋಟಗಳಿವೆ. ಕೊಳೆರೋಗಕ್ಕೆ ಮದ್ದು ಬಿಡಲು ಮರ ಹತ್ತುವವರು ಸಿಗದೆ ತೋಟದವರು ಕಂಗೆಟ್ಟಾಗ, ಕುಳಿತೇ ಮರ ಏರುವ ಪೆಟ್ರೋಲ್ ಯಂತ್ರವನ್ನು ರೂಪಿಸಿದವರು ಯಾರು? ಬಂಟ್ವಾಳ ತಾಲೂಕಿನ ಸಜೀಪಮೂಡದ ಕೃಷಿಕ ಗಣಪತಿ ಭಟ್. 2019ರಲ್ಲಿ ಅದು ದೇಶಕ್ಕೇ ಸುದ್ದಿಯಾಯಿತು.

ಘರ್ಷಣೆ, ಭಾರದ ಸಮತೋಲನ, ಬ್ರೇಕು: ಆ ಯಂತ್ರದಲ್ಲಿರುವುದೆಲ್ಲ ಮೆಕ್ಯಾನಿಕಲ್ ವಿದ್ಯಾರ್ಥಿಯ ಪಠ್ಯದಲ್ಲೂ ಇದೆ. ಆದರೆ ಆತ ಅದನ್ನು ಓದುವುದು ಹಳೆಯ ಪ್ರಶ್ನೆಪತ್ರಿಕೆಗಳಿಗಾಗಿ. ಎಷ್ಟೋ ಕಡೆ ಲ್ಯಾಬ್ ರೆಕಾರ್ಡ್ ಸೀನಿಯರುಗಳದ್ದರ ನಕಲು, ಕೊನೆಯ ವರ್ಷದ ಪ್ರಾಜೆಕ್ಟ್ ದುಡ್ಡಿಗೆ ಸಿಗುವ ಸರಕು. ಗಲ್ಫಿನ ಬಿಸಿಲಲ್ಲಿ ಬೆವರಿಳಿಸಿ ಫೀಸು ಕಳಿಸಿದ ತಂದೆಗೆ ದಕ್ಕುವುದು ಅಂಕಪಟ್ಟಿ ಮಾತ್ರ.

ಥಿಯರಿ ಬೇಡವೆಂದು ನಾವು ಹೇಳುತ್ತಿಲ್ಲ. ಬೆಲ್ಟು ಜಾರುವುದನ್ನು ಮೆಕ್ಯಾನಿಕ್ ಅನುಭವದಿಂದ ಬಲ್ಲ. ಎಷ್ಟು ಭಾರಕ್ಕೆ, ಏಕೆ ಜಾರುತ್ತದೆಂದು ಲೆಕ್ಕ ಹಾಕಬೇಕಾದವನು ಇಂಜಿನಿಯರ್. ಬೆಲ್ಟನ್ನೇ ಮುಟ್ಟದವನ ಲೆಕ್ಕ ಯಾರ ಉಪಯೋಗಕ್ಕೆ?

ಪ್ರತಿ ಪ್ರಾಜೆಕ್ಟೂ ಒಂದು ತೋಟದ, ಗೇರುಬೀಜ ಕಾರ್ಖಾನೆಯ ಅಥವಾ ಗ್ಯಾರೇಜಿನ ಸಮಸ್ಯೆಯಿಂದ ಹುಟ್ಟಲಿ. ಬಳಸುವವನ ಮುಂದೆ ಯಂತ್ರ ಓಡಿದ ಮೇಲೆಯೇ ಅಂಕ ಕೊಡಲಿ. ಇಷ್ಟನ್ನು ಕಾಲೇಜುಗಳಿಂದ ಕೇಳುವ ಹಕ್ಕು ಫೀಸು ಕಟ್ಟುವ ನಮಗಿದೆ. ನಾವು ಕೇಳುತ್ತಿಲ್ಲ, ಅಷ್ಟೇ.