ಗಂಜಾಮಿನ ಕಬ್ಬೂ ಗುರ್ಲಾಪುರದ ಕಬ್ಬೂ

ಶ್ರೀರಂಗಪಟ್ಟಣದ ದ್ವೀಪದಲ್ಲಿ ಕೋಟೆಗೆ ಪೂರ್ವದಲ್ಲಿರುವ ಗಂಜಾಮನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ನಿಮಿಷಾಂಬೆಯ ದರ್ಶನಕ್ಕೆಂದೂ ಗುಂಬಜನ್ನು ನೋಡಲೆಂದೂ ಬರುವ ಯಾತ್ರಿಕರು ಈ ಊರನ್ನು ಹಾದುಹೋಗುತ್ತಾರೆ. ಇದು ಒಂದು ಕಾಲಕ್ಕೆ ಕಸುಬುದಾರರ ದೊಡ್ಡ ಪೇಟೆಯಾಗಿತ್ತೆಂಬುದನ್ನು ನೆನೆಯುವವರು ಮಾತ್ರ ವಿರಳ. ಟೀಪು ಸುಲ್ತಾನನು ಸಿರಾದಿಂದ ಸಾವಿರಾರು ಕುಟುಂಬಗಳನ್ನು ತಂದು ಇಲ್ಲಿ ನೆಲೆಗೊಳಿಸಿದನು. 1799ರ ಮೇ 4ರಂದು ಕೋಟೆಯು ಬಿದ್ದಿತು; ರಾಜಧಾನಿಯು ಮೈಸೂರಿಗೆ ಹೋಯಿತು; ಪೇಟೆಯ ಸಿರಿಯೂ ಅದರ ಬೆನ್ನಿಗೇ ಹೋಯಿತು. ಒಡೆಯನೊಬ್ಬನ ಕೃಪೆಯಿಂದ ಎದ್ದ ಉದ್ಯಮವು ಆ ಒಡೆಯನೊಡನೆಯೇ ಮಲಗಿತು. ಉಳಿದುದು ನೆಲ, ನೀರು ಮತ್ತು ಒಕ್ಕಲಿಗನ ರಟ್ಟೆ.

ಈ ಹಳೆಯ ಸಂಗತಿಯನ್ನು ನಾವು ಇಂದು ಎತ್ತುವುದಕ್ಕೆ ಕಾರಣವುಂಟು. ಈ ಸೀಮೆಯ ಇಂದಿನ ಉದ್ಯಮವು ಕಬ್ಬು. ಅದೂ ಒಡೆಯನೊಬ್ಬನ ಕೃಪೆಯ ಮೇಲೆ ನಿಲ್ಲಬೇಕೆ, ಅಥವಾ ಬೆಳೆಯುವವರ ಸ್ವಂತ ಬಲದ ಮೇಲೆ ನಿಲ್ಲಬೇಕೆ ಎಂಬುದೇ ನಮ್ಮ ಪ್ರಶ್ನೆ.

ಕಬ್ಬಿನ ಕಾರ್ಖಾನೆಯು ಈ ನೆಲಕ್ಕೆ ಹೊಸದಲ್ಲ. ಗಂಜಾಮಿಗೆ ಸಮೀಪದ ಪಾಲಹಳ್ಳಿಯಲ್ಲಿ 1847ರಷ್ಟು ಹಿಂದೆಯೇ ಅಷ್ಟಗ್ರಾಮದ ಸಕ್ಕರೆ ಕಾರ್ಖಾನೆಯು ಸ್ಥಾಪಿತವಾಗಿ, ರೈತರ ಬೆಲ್ಲವನ್ನು ಶುದ್ಧಿಮಾಡಿ ಸಕ್ಕರೆ ತೆಗೆಯುತ್ತಿತ್ತು. ಅದು ಆಂಗ್ಲ ವರ್ತಕರ ಕಾರ್ಖಾನೆ. ಅವರೊಡನೆ ಅದೂ ಹೋಯಿತು. ಬಳಿಕ 1911ರಲ್ಲಿ ಕನ್ನಂಬಾಡಿಯ ಕಟ್ಟೆಯ ಕೆಲಸವು ಆರಂಭವಾಯಿತು. ಕಟ್ಟೆಯ ನೀರು ನಾಲೆಗಿಳಿದ ಮೇಲೆ ಒಣನೆಲವು ಹಸುರಾಯಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿಯು ಹುಟ್ಟಿತು. ಅನಂತರ ಪಾಂಡವಪುರದಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆಯು ಎದ್ದಿತು. ಒಕ್ಕಲಿಗರು ತಮ್ಮ ಗಳಿಕೆಯಿಂದ ಷೇರು ಹಾಕಿ ಕಟ್ಟಿದ ಮನೆಯದು. ಕಬ್ಬು ಬೆಳೆಯುವವನೇ ಗಾಣಕ್ಕೂ ಯಜಮಾನನಾಗುವುದೆಂದರೆ ಸಾಮಾನ್ಯವಾದ ಮಾತೆ?

ಆ ಯಜಮಾನಿಕೆಯ ಗತಿ ಏನಾಯಿತೆಂಬುದನ್ನು ಎಲ್ಲರೂ ಕಂಡಿದ್ದಾರೆ. ಸಾಲವು ಬೆಳೆಯಿತು, ಯಂತ್ರಗಳು ಹಳೆಯವಾದುವು, ಚುನಾವಣೆಯ ಹುರುಪು ಆಡಳಿತದಲ್ಲಿ ಉಳಿಯಲಿಲ್ಲ. ಕಾರ್ಖಾನೆಯು ಅರೆಯುವುದನ್ನು ನಿಲ್ಲಿಸಿತು. ಕಟಾವಿಗೆ ಬಂದ ಕಬ್ಬು ಗದ್ದೆಯಲ್ಲಿಯೇ ಒಣಗಿತು. ಕಡೆಗೆ 2020ರಲ್ಲಿ ಸರಕಾರವು ಈ ಕಾರ್ಖಾನೆಯನ್ನು ಖಾಸಗಿ ಸಂಸ್ಥೆಯೊಂದಕ್ಕೆ ನಲವತ್ತು ವರ್ಷಗಳ ಗುತ್ತಿಗೆಗೆ ಕೊಟ್ಟಿತು. ನಲವತ್ತು ವರ್ಷ! ಆ ದಿನ ಇಪ್ಪತ್ತರ ಹರೆಯದಲ್ಲಿದ್ದ ರೈತನ ಮಗನು, ತನ್ನ ತಂದೆಯ ಷೇರಿನ ಕಾರ್ಖಾನೆಯು ಮರಳಿ ಕೈಗೆ ಬರುವ ವೇಳೆಗೆ ಅರುವತ್ತರ ಮುದುಕನಾಗಿರುವನು. ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೆಂಬ ಗಾದೆಯುಂಟು. ಇಲ್ಲಿ ಬಾಗಿಲನ್ನು ಹಾಕಿ ಬೀಗದ ಕೈಯನ್ನೂ ಕೊಟ್ಟುಬಿಟ್ಟರು.

ಗುತ್ತಿಗೆಯಿಂದ ಕಾರ್ಖಾನೆಯ ಚಿಮಣಿಯಲ್ಲಿ ಮತ್ತೆ ಹೊಗೆಯಾಡಿತು, ಕಬ್ಬಿಗೆ ಗಿರಾಕಿಯು ದೊರೆತನು ಎಂಬುದು ನಿಜ. ಅದನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಆದರೆ ಬೇರೆ ದಾರಿಯೇ ಇರಲಿಲ್ಲವೆಂಬ ವಾದವನ್ನು ನಾವು ಒಪ್ಪಲಾರೆವು. ಅದೇ ಜಿಲ್ಲೆಯ ಮಂಡ್ಯದಲ್ಲಿ, ನಿಂತುಹೋಗಿದ್ದ ಮೈಸೂರು ಸಕ್ಕರೆ ಕಂಪನಿಯನ್ನು ಖಾಸಗಿಯವರಿಗೆ ಕೊಡುವ ಪ್ರಸ್ತಾಪವು ಎದ್ದಾಗ ರೈತರು ಒಟ್ಟಾಗಿ ಎದುರು ನಿಂತರು. 2021ರಲ್ಲಿ ಸರಕಾರವು ಆ ವಿಚಾರವನ್ನು ಕೈಬಿಟ್ಟಿತು. 2022ರಲ್ಲಿ ಕಾರ್ಖಾನೆಯು ಸರಕಾರದ ಅಧೀನದಲ್ಲಿಯೇ ಮತ್ತೆ ಅರೆಯತೊಡಗಿತು. ಒಂದೇ ಜಿಲ್ಲೆ, ಒಂದೇ ಬೆಳೆ, ಒಂದೇ ಸರಕಾರ. ಪರಿಣಾಮವು ಮಾತ್ರ ಬೇರೆ. ವ್ಯತ್ಯಾಸವಿದ್ದುದು ಜನರ ಒಗ್ಗಟ್ಟಿನಲ್ಲಿ.

ಇಲ್ಲಿ ನಾವು ಒಂದು ಕೆಟ್ಟ ಮಾತನ್ನು ಬೇರುಸಹಿತ ಕಿತ್ತೊಗೆಯಬೇಕೆನ್ನುತ್ತೇವೆ. "ಉತ್ತರದವರು ಬಂದು ನಮ್ಮ ಕಾರ್ಖಾನೆಯನ್ನು ಹಿಡಿದರು" ಎಂದು ಕೆಲವರು ಕಟ್ಟೆಗಳ ಮೇಲೆ ಕುಳಿತು ಆಡಿಕೊಳ್ಳುತ್ತಾರೆ. ಏಕೀಕರಣಕ್ಕೆ ಮುನ್ನ ಇದೇ ಮೈಸೂರು ಸೀಮೆಯಲ್ಲಿ "ಉತ್ತರದವರು ಬಡವರು, ಅವರ ಭಾರವು ನಮ್ಮ ಮೇಲೆ ಬಿದ್ದೀತು" ಎಂದು ಹೆದರಿದವರಿದ್ದರು. ಆ ಹೆದರಿಕೆಗೆ ಮಣಿಯದೆ ಕೆಂಗಲ್ ಹನುಮಂತಯ್ಯನವರಂಥ ಮುಂದಾಳುಗಳು ಏಕೀಕರಣದ ಪಕ್ಷದಲ್ಲಿ ನಿಂತರು. 1956ರ ನವೆಂಬರ್ 1ರಂದು ನಾಡು ಒಂದಾಯಿತು. ಅಂದು ಅವರ ಬಡತನಕ್ಕೆ ಅಂಜಿಕೆ, ಇಂದು ಅವರ ಸಿರಿತನಕ್ಕೆ ಅಸೂಯೆ! ಎರಡೂ ಒಂದೇ ರೋಗದ ಎರಡು ಮುಖಗಳು. ಮುಧೋಳದವನಾಗಲಿ ಮದ್ದೂರಿನವನಾಗಲಿ, ಬಂಡವಾಳಗಾರನು ತನ್ನ ಲಾಭವನ್ನು ನೋಡುತ್ತಾನೆ. ಅದು ಅವನ ಧರ್ಮ. ನಮ್ಮ ವ್ಯಾಜ್ಯವು ಅವನ ಊರಿನೊಡನೆ ಅಲ್ಲ. ಸಹಕಾರದ ಆಸ್ತಿಯನ್ನು ಸಾಯಗೊಟ್ಟು ಅನಂತರ ಪರಭಾರೆ ಮಾಡುವ ನೀತಿಯೊಡನೆ.

ಸಹಕಾರವೆಂಬ ತತ್ತ್ವವೇ ನಮಗೆ ಉತ್ತರದಿಂದ ಬಂದ ಉಡುಗೊರೆ ಎಂಬುದನ್ನು ಮರೆಯಬಾರದು. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಂಘವು ಭರತಖಂಡದ ಮೊದಮೊದಲ ಸಹಕಾರ ಸಂಘಗಳಲ್ಲಿ ಒಂದು. ಆಗ ಆ ಊರು ಮುಂಬಯಿ ಆಧಿಪತ್ಯದಲ್ಲಿತ್ತು. ಆಳುವವರು ಬೇರೆಯಾದರೂ ಒಕ್ಕಲಿಗನ ಕಷ್ಟವು ಒಂದೇ ಆಗಿತ್ತು. ಇಂದೂ ಒಂದೇ ಆಗಿದೆ.

ಅದಕ್ಕೆ ಸಾಕ್ಷಿ ಬೇಕೆ? 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರದಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3500 ರೂಪಾಯಿ ಬೇಕೆಂದು ಹೆದ್ದಾರಿಯಲ್ಲಿ ಕುಳಿತರು. ಕಡೆಗೆ ಸರಕಾರವು ಮಧ್ಯೆ ಬಂದು 3300 ರೂಪಾಯಿಯ ದರವನ್ನು ಘೋಷಿಸಬೇಕಾಯಿತು. ಆ ಹೋರಾಟವನ್ನು ಗಂಜಾಮಿನ ಒಕ್ಕಲಿಗನು ದೂರದ ಸುದ್ದಿಯೆಂದು ಓದಿ ಮಡಿಸಿಟ್ಟರೆ, ನಾಡು ಒಂದಾದುದು ಭೂಪಟದಲ್ಲಿ ಮಾತ್ರವೆಂದು ಹೇಳಬೇಕಾಗುತ್ತದೆ.

ಲೆಕ್ಕವನ್ನೇ ನೋಡೋಣ. 2025-26ನೆಯ ಹಂಗಾಮಿಗೆ ಕೇಂದ್ರ ಸರಕಾರವು ಗೊತ್ತುಮಾಡಿದ ದರವು, ನೂರಕ್ಕೆ 10.25 ಸಕ್ಕರೆ ಇಳುವರಿಯುಳ್ಳ ಕಬ್ಬಿಗೆ ಕ್ವಿಂಟಾಲಿಗೆ 355 ರೂಪಾಯಿ. ಇಳುವರಿಯು 9.5 ಅಥವಾ ಅದಕ್ಕಿಂತ ಕಡಮೆಯಾದರೆ ದರವು 329 ರೂಪಾಯಿ 5 ಪೈಸೆ. ಅಂದರೆ ಟನ್ನೊಂದಕ್ಕೆ 259 ರೂಪಾಯಿ 50 ಪೈಸೆಯ ಅಂತರ. ಈ ಇಳುವರಿಯನ್ನು ಅಳೆಯುವವರು ಯಾರು? ಕಾರ್ಖಾನೆಯವರು. ಕಬ್ಬನ್ನು ತೂಗುವವರು ಯಾರು? ಕಾರ್ಖಾನೆಯವರು. ಕೊಳ್ಳುವವನ ಕೈಯಲ್ಲಿಯೇ ತಕ್ಕಡಿಯೂ ಅಳತೆಗೋಲೂ ಇರುವಾಗ, ಮಾರುವವನು ನಂಬಿಕೆಯೊಂದನ್ನೇ ಊರುಗೋಲಾಗಿ ಹಿಡಿದು ನಿಲ್ಲಬೇಕಾಗಿದೆ. ಇನ್ನು ಹಣ ಸಲ್ಲುವ ಮಾತು. ಕಬ್ಬು ಒಪ್ಪಿಸಿದ 14 ದಿನಗಳೊಳಗೆ ಹಣವನ್ನು ಕೊಡಬೇಕು, ತಡವಾದರೆ ವರ್ಷಕ್ಕೆ ನೂರಕ್ಕೆ 15ರಂತೆ ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆಜ್ಞೆಯು ಸ್ಪಷ್ಟವಾಗಿ ವಿಧಿಸಿದೆ. ಆ ಬಡ್ಡಿಯನ್ನು ಕೇಳಿ ಪಡೆದ ರೈತರೆಷ್ಟು ಮಂದಿ? ಕಾನೂನು ಕಾಗದದಲ್ಲಿದೆ, ಅದನ್ನು ಕೇಳುವ ಬಾಯಿ ಬೇಕಾಗಿದೆ.

ಆದುದರಿಂದ ನಾವು ಸ್ಪಷ್ಟವಾಗಿ ಕೇಳುವುದಿಷ್ಟು. ಪಾಂಡವಪುರದ ಕಾರ್ಖಾನೆಯ ಗುತ್ತಿಗೆಯ ಕರಾರುಗಳನ್ನೂ, ಗುತ್ತಿಗೆಯ ಹಣವು ಯಾವ ಸಾಲಕ್ಕೆ ಎಷ್ಟು ಸಂದಿತೆಂಬ ಲೆಕ್ಕವನ್ನೂ ಕನ್ನಡದಲ್ಲಿ ಅಚ್ಚುಮಾಡಿಸಿ ಪ್ರತಿ ವರ್ಷವೂ ಷೇರುದಾರರ ಮುಂದಿಡತಕ್ಕದ್ದು. ತೂಕದ ಸ್ಥಳದಲ್ಲಿಯೂ ಇಳುವರಿಯ ಪರೀಕ್ಷೆಯಲ್ಲಿಯೂ ಬೆಳೆಗಾರರು ಆರಿಸಿದ ಪ್ರತಿನಿಧಿಯು ಹಾಜರಿರತಕ್ಕದ್ದು. ತಡವಾದ ಪ್ರತಿ ದಿನಕ್ಕೂ ಬಡ್ಡಿಯನ್ನು ರೈತನು ಬೇಡದೆಯೇ ಅವನ ಖಾತೆಗೆ ಸೇರಿಸತಕ್ಕದ್ದು. ಎಲ್ಲಕ್ಕಿಂತ ಮಿಗಿಲಾಗಿ, ಸಹಕಾರ ಸಂಘವು ಗುತ್ತಿಗೆಯ ನೆರಳಿನಲ್ಲಿ ನಿದ್ರಿಸದೆ ಕ್ರಮವಾಗಿ ಸಭೆ ಸೇರಿ, ಲೆಕ್ಕ ಕೇಳುವ ಅಭ್ಯಾಸವನ್ನು ಸದಸ್ಯರಿಗೆ ಕಲಿಸತಕ್ಕದ್ದು. ನಾಳೆ ಕಾರ್ಖಾನೆಯು ಮರಳಿ ಬಂದಾಗ ಅದನ್ನು ನಡೆಸುವ ಯೋಗ್ಯತೆಯಿಲ್ಲದಿದ್ದರೆ ಬಂದೇನು ಫಲ?

ಈ ಕೆಲಸವು ಗಂಜಾಮೊಂದರಿಂದ ಆಗುವಂಥದಲ್ಲ, ಮಂಡ್ಯ ಜಿಲ್ಲೆಯೊಂದರಿಂದಲೂ ಆಗುವಂಥದಲ್ಲ. ಕಾವೇರಿಯ ಬಯಲಿನವರೂ ಕೃಷ್ಣೆ ಘಟಪ್ರಭೆಗಳ ಬಯಲಿನವರೂ ಒಂದೇ ಬೇಡಿಕೆಯ ಪತ್ರಕ್ಕೆ ಸಹಿ ಹಾಕಿ ವಿಧಾನಸೌಧದ ಬಾಗಿಲಿಗೆ ಹೋಗಲಿ. ಹಿರಿಯರು ಗಡಿಗಳನ್ನು ಕೂಡಿಸಿ ಕೊಟ್ಟಿದ್ದಾರೆ; ಹಿತಗಳನ್ನು ಕೂಡಿಸುವುದು ನಮ್ಮ ಪಾಲಿನ ಕೆಲಸ. ಅದನ್ನು ಮಾಡದೆ ನವೆಂಬರಿನಲ್ಲಿ ಬಾವುಟ ಹಾರಿಸಿ, ಉಳಿದ ಹನ್ನೊಂದು ತಿಂಗಳು ಉತ್ತರ ದಕ್ಷಿಣವೆಂದು ಬೈದಾಡುವವರಿಗೆ ಕನ್ನಡದ ಹೆಸರೆತ್ತುವ ಅಧಿಕಾರವಿಲ್ಲ.